ತಿರ್ಲಾಪುರದ ಪೈಲ್ವಾನ, ಗೂಗಲ್ ಶೀಟ್‌ನ್ಯಾಗ

ನವಲಗುಂದದ ಜಮಖಾನ ನೋಡೀರೇನ್ರಿ? ಅದರಾಗ ಪಗಡಿ ಹಾಸು ನೇಯ್ತಾರ. ದಾಳ ಅಂದ್ರ ನಮ್ಮ ಕಡೆ ಹಳೇ ನಂಟು. 1974ರಾಗ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ರೂ ದಾಳ ಹಿಡಿದು ಕಥಿ ಕಟ್ಟೋ ಆಟ ತಂದ್ರು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಡೋರು ಒಬ್ಬೊಬ್ರಿಗೆ ಒಂದೊಂದು ಪಾತ್ರ. ಆ ಪಾತ್ರದ ಲೆಕ್ಕಾನ ಪುಕ್ಕಟೆ ಗೂಗಲ್ ಶೀಟ್ಸ್‌ನ್ಯಾಗ ಮಾಡೂಣು.

ನಮ್ಮ ಪಾತ್ರ ನಮ್ಮ ಕಡೆಯ ತಿರ್ಲಾಪುರದ ಪೈಲ್ವಾನ. ಈ ಆಟದಾಗಿನ ಎಲ್ಫು, ಡ್ವಾರ್ಫು ಅನ್ನೋ ಜನ ಇರ್ಲಿ ಬಿಡ್ರಿ, ಅವ್ರು ಮೊದ್ಲ ಮಳಿಗಾಲದಾಗ ನಮ್ಮ ಎರಿ ಹೊಲದಾಗ ನಡದು ತೋರಿಸ್ಲಿ!

ಪಾತ್ರಕ್ಕ ಆರು ಗುಣ: ಶಕ್ತಿ, ಚುರುಕು, ತಾಳಿಕಿ, ಬುದ್ಧಿ, ವಿವೇಕ, ವರ್ಚಸ್ಸು. ಒಂದೊಂದಕ್ಕೂ ಆರು ಮುಖದ ನಾಕು ದಾಳ ಒಗೀರಿ, ಎಲ್ಲಾಕ್ಕಿಂತ ಸಣ್ಣದು ಬಿಟ್ಟು ಮೂರು ಕೂಡಿಸ್ರಿ. ಶೀಟ್‌ನ್ಯಾಗ ದಾಳದ ಬದಲಿ ರ‍್ಯಾಂಡ್‌ಬಿಟ್ವೀನ್ ಅನ್ನೋ ಸೂತ್ರ ಐತಿ. ಆದ್ರ ಅದು ಭಾರಿ ಚಂಚಲ. ನೀವು ಬಾಜೂಕ ಪೈಲ್ವಾನನ ಹೆಸರು ಬರದ್ರೂ ಸಾಕು, ಅಂಕಿ ಎಲ್ಲಾ ಬದಲಾಗ್ತಾವ. 17 ಇದ್ದ ಶಕ್ತಿ ಕಣ್ಣೆದುರಿಗೇ 8! ಅದಕ್ಕ ಬಂದ ಅಂಕಿ ಕಾಪಿ ಮಾಡಿ, ಬ್ಯಾರೆ ಕಡೆ ಸೂತ್ರ ಬಿಟ್ಟು ಬರೇ ಅಂಕಿ ಪೇಸ್ಟ್ ಮಾಡ್ರಿ.

ಇನ್ನೊಂದ್ ಕಡೆ ಎಲ್ಲಾರೂ ಎಡವ್ತಾರ. ಗುಣದ ಅಂಕಿಯೊಳಗ 10 ಕಳದು ಎರಡರಿಂದ ಭಾಗಿಸ್ರಿ, ಆಟ ಆಡುವಾಗ ದಾಳ ಒಗದ್ರ ಕೂಡಿಸೋ ಅಂಕಿ ಅದ. 9 ಇದ್ರ? ಮೈನಸ್ ಅರ್ಧ. ಆಟದ ನಿಯಮದ ಪ್ರಕಾರ ಅದು ಮೈನಸ್ 1. ರೌಂಡ್‌ಡೌನ್ ಸೂತ್ರ ಸೊನ್ನಿ ಕೊಡತೈತಿ, ಹೆಸರು ನೋಡಿ ಮೋಸ ಹೋಗಬ್ಯಾಡ್ರಿ. ಅದರ ಬದಲಿ ಇಂಟ್ ಹಾಕ್ರಿ.

ಹಕ್ಕಿನ ಚಿಂತಿ ಬ್ಯಾಡ. 2023ರ ಜನವರಿಯಾಗ ಈ ಆಟದ ಮೂಲ ನಿಯಮ ಕ್ರಿಯೇಟಿವ್ ಕಾಮನ್ಸ್‌ಗೆ ಬಂದಾವ. ಮೂಲದ ಹೆಸರು ಹಾಕಿ ಬಳಸ್ರಿ, ಇನ್ನೊಂದು ಪಾತ್ರ ಬೇಕಾದ್ರ ದೊಡ್ಡಾಟದ ಕಲಾವಿದನ್ನೂ ಸೇರಿಸ್ರಿ. ಅವಂಗ ವರ್ಚಸ್ಸು ಎರಡು ಹೆಚ್ಚಿಗಿ ಕೊಡ್ರಿ.