ಅಂಗೈಯಲ್ಲಿ ಹಿಡಿಸುವ ರಕ್ತದ ಪಂಪ್

ಹೃದಯ ಸೋತು ಹೋದರೆ,
ಅದರ ಕೆಲಸವನ್ನು ದೇಹದ ಹೊರಗಿನಿಂದ ಮಾಡಿಸಬಹುದಾ?

2025ರ ಜೂನ್, ಜುಲೈ ನೆನಪಿದೆಯಾ?
ಹಾಸನದ ಹೃದಯಾಘಾತಗಳ ಸುದ್ದಿ ಕೇಳಿ
ಇಡೀ ರಾಜ್ಯವೇ ಗಾಬರಿಯಾಗಿತ್ತು.

ದೊಡ್ಡ ಹೃದಯಾಘಾತವಾದಾಗ
ಕೆಲವರ ಹೃದಯಕ್ಕೆ ರಕ್ತ ತಳ್ಳುವ ಶಕ್ತಿಯೇ ಉಳಿಯೋದಿಲ್ಲ.
ಆಗ ಆಸರೆಯಾಗೋದು
ಎದೆಯ ಹೊರಗೆ ಕೂರುವ ಈ ಪುಟ್ಟ ಪಂಪ್.

ಹೇಗೆ ಕೆಲಸ ಮಾಡುತ್ತೆ?
ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ
ಪಂಪ್‌ಸೆಟ್ ನೋಡಿದ್ದೀರಲ್ಲ?
ಒಳಗೆ ಚಕ್ರ ತಿರುಗುತ್ತೆ.
ನಡುವೆ ಬಂದ ನೀರು ಅಂಚಿಗೆ ಚಿಮ್ಮಿ,
ಪೈಪಿಗೆ ನುಗ್ಗುತ್ತೆ.
ಇಲ್ಲೂ ಅದೇ ಲೆಕ್ಕ.
ನಿಮಿಷಕ್ಕೆ ಸಾವಿರಾರು ಸುತ್ತು.
ನಾಲ್ಕೈದು ಲೀಟರ್ ರಕ್ತ.

ಆದರೆ ರಕ್ತ ನೀರಲ್ಲ.
ಜೋರಾಗಿ ಉಜ್ಜಿದರೆ ಕೆಂಪು ರಕ್ತಕಣ ಒಡೆಯುತ್ತೆ.
ಮೂಲೆಯಲ್ಲಿ ನಿಂತರೆ ಹೆಪ್ಪುಗಟ್ಟುತ್ತೆ.
ಪಂಪ್ ಚಿಕ್ಕದಾದಷ್ಟೂ
ಚಕ್ರ ಇನ್ನೂ ಜೋರಾಗಿ ತಿರುಗಬೇಕು.
ನಿಜವಾದ ಕಷ್ಟ ಇರೋದೇ ಇಲ್ಲಿ.

ಅದಕ್ಕೇ ಕೆಲವು ಪಂಪ್‌ಗಳಲ್ಲಿ
ಚಕ್ರವನ್ನು ಅಯಸ್ಕಾಂತದ ಬಲದಿಂದ ತೇಲಿಸ್ತಾರೆ.
ಬೇರಿಂಗ್ ಇಲ್ಲ. ತಿಕ್ಕಾಟವೂ ಇಲ್ಲ.

1953ರಲ್ಲಿ ಅಮೆರಿಕದ ಡಾ. ಜಾನ್ ಗಿಬ್ಬನ್
ಆಪರೇಷನ್ ವೇಳೆ ಭಾರಿ ಯಂತ್ರದಿಂದ ಮಾಡಿ ತೋರಿಸಿದ ರಕ್ತ ತಳ್ಳುವ ಕೆಲಸ,
ಇವತ್ತು ಅಂಗೈಯಗಲಕ್ಕೆ ಇಳಿದಿದೆ.

ಆದರೂ ಇದು ದಿನಗಳ, ವಾರಗಳ ಆಸರೆ ಅಷ್ಟೇ.
ಸಿಗೋದೂ ದೊಡ್ಡ ಆಸ್ಪತ್ರೆಗಳಲ್ಲಿ.

ಹೊಳೆನರಸೀಪುರವಿರಲಿ, ಅರಕಲಗೂಡಿರಲಿ,
ಎದೆನೋವು ಬಂದರೆ
ಗ್ಯಾಸ್ಟ್ರಿಕ್ ಅಂತ ಸುಮ್ಮನೆ ಕೂರಬೇಡಿ.
ತಕ್ಷಣ ತಾಲ್ಲೂಕು ಆಸ್ಪತ್ರೆಗೆ ಹೋಗಿ,
ಇಸಿಜಿ ಮಾಡಿಸಿ.
ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್
ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತ.

ಬೇಗ ಹೋದಷ್ಟೂ ಹೃದಯದ ಸ್ನಾಯು ಉಳಿಯುತ್ತೆ.
ಪಂಪ್‌ನ ಅಗತ್ಯವೇ ಬೀಳದಿರಬಹುದು.