ಬಿಟ್ಟ ಚಟ ಮರಳಿದಾಗ

ಸಂತಾನಾರ್ಥಿಗಳಾದ ದಂಪತಿಗಳು ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲನ್ನು ನಿಲ್ಲಿಸಿ ಹರಕೆ ಸಲ್ಲಿಸುವುದು ಹಿಂದಿನಿಂದ ನಡೆದು ಬಂದಿದೆ. ೧೯೩೮ನೆಯ ಏಪ್ರಿಲ್ ೨೫ರಂದು ರಾಷ್ಟ್ರಧ್ವಜಕ್ಕಾಗಿ ನೆರೆದ ಜನರು ಗುಂಡೇಟಿಗೆ ಬಲಿಯಾದ ನೆಲವೂ ಅದೇ. ಹಾಗೆ ಹರಕೆ ಹೊತ್ತು ಪಡೆದ ಮಗನು ಪ್ರಾಯಕ್ಕೆ ಬಂದು, ಪಟ್ಟಣವನ್ನು ಸೇರಿ, ಕೊಕೇನ್ ಅಥವಾ ಮೆಥಾಂಫೆಟಮೈನಿಗೆ ತುತ್ತಾದರೆ ಹೆತ್ತವರ ಸಂಕಟವೆಂತಹುದು! ಚಟ ಬಿಡಿಸಿ ಮನೆಗೆ ಕರೆತಂದವನು ಕೆಲವು ತಿಂಗಳಲ್ಲಿ ಮತ್ತೆ ಅದಕ್ಕೇ ಕೈಯೊಡ್ಡಿದರಂತೂ ಅವರಿಗೆ ದಿಕ್ಕೇ ತೋಚದು.

ಕೇಂದ್ರ ಸರ್ಕಾರದವರು ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಆಂಫೆಟಮೈನ್ ಜಾತಿಯ ದ್ರವ್ಯಗಳನ್ನು ಸೇವಿಸುವವರು ನೂರಕ್ಕೆ ೦.೧೮, ಕೊಕೇನ್ ಸೇವಿಸುವವರು ೦.೧೦. ಸಂಖ್ಯೆ ಅಲ್ಪವೆಂದು ಉದಾಸೀನ ಮಾಡತಕ್ಕದ್ದಲ್ಲ. ಅಫೀಮಿನ ಜಾತಿಯ ಚಟಕ್ಕೆ ಬ್ಯುಪ್ರೆನಾರ್ಫಿನ್ ಮೊದಲಾದ ಔಷಧಗಳುಂಟು. ಉತ್ತೇಜಕಗಳ ಚಟಕ್ಕೆ ಅಂತಹ ಮನ್ನಣೆ ಪಡೆದ ಔಷಧ ಇನ್ನೂ ಇಲ್ಲ.

ಆದುದರಿಂದಲೇ ವೈದ್ಯರ ದೃಷ್ಟಿ ಮಿದುಳಿನ ಕಡೆ ಹರಿದಿದೆ. ಬಹುಕಾಲದ ಸೇವನೆಯಿಂದ ವಿವೇಕ ಸಂಯಮಗಳಿಗೆ ಆಸರೆಯಾದ ಮುಂಭಾಗದ ಮಿದುಳು ದುರ್ಬಲವಾಗುತ್ತದೆ. ಹಳೆಯ ಗೆಳೆಯನ ಮುಖ ಕಂಡರೂ ಸಾಕು, ಬಯಕೆ ಕೆರಳುತ್ತದೆ. ಆ ಭಾಗವನ್ನು ಎಚ್ಚರಿಸಲು ನೆತ್ತಿಯ ಬಳಿ ತಂತಿಯ ಸುರುಳಿಯನ್ನು ಹಿಡಿದು ಕಾಂತದ ಮಿಡಿತಗಳನ್ನು ಕೊಡುವುದು ಒಂದು ಕ್ರಮ. ಇದನ್ನು ೧೯೮೫ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಒಂದೆರಡು ಮಿಲಿಆಂಪಿಯರಿನ ಮಂದ ವಿದ್ಯುತ್ತನ್ನು ತಲೆಯ ಮೇಲಿಂದ ಹರಿಸುವುದು ಇನ್ನೊಂದು. ಜನರು ‘ಕರೆಂಟು ಕೊಡುವುದು’ ಎಂದು ಅಂಜುವ ಚಿಕಿತ್ಸೆ ಇದಲ್ಲ. ಕೊಯ್ತವಿಲ್ಲ, ಅರಿವಳಿಕೆಯಿಲ್ಲ, ರೋಗಿಯು ಎಚ್ಚರವಾಗಿಯೇ ಕುಳಿತಿರುತ್ತಾನೆ. ತಲೆನೋವು ಬರುವುದುಂಟು, ಸೆಳವು ಬಲು ಅಪರೂಪ. ಅಪಸ್ಮಾರವುಳ್ಳವರೂ ತಲೆಯೊಳಗೆ ಲೋಹವುಳ್ಳವರೂ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಫಲವೇನು? ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು ಕಾಂತಚಿಕಿತ್ಸೆಯನ್ನು ೨೦೦೮ರಲ್ಲಿ ಖಿನ್ನತೆಗೂ ೨೦೨೦ರಲ್ಲಿ ಧೂಮಪಾನ ಬಿಡಿಸುವುದಕ್ಕೂ ಒಪ್ಪಿದರು. ಕೊಕೇನ್, ಮೆಥಾಂಫೆಟಮೈನುಗಳಿಗೆ ಆ ಒಪ್ಪಿಗೆ ದೊರೆತಿಲ್ಲ. ಇಟಲಿ, ಚೀನಾ ಮುಂತಾದೆಡೆ ನಡೆದ ಪರೀಕ್ಷೆಗಳಲ್ಲಿ ಬಯಕೆ ತಗ್ಗಿದ್ದು ಕಂಡುಬಂದಿದೆ. ಆದರೆ ಬಯಕೆ ತಗ್ಗುವುದು ಬೇರೆ, ವರ್ಷಗಟ್ಟಲೆ ಚಟ ಮರಳದಿರುವುದು ಬೇರೆ. ಬರಿಯ ಯಂತ್ರದ ಸದ್ದು ಕೇಳಿಸಿದ ಹುಸಿ ಚಿಕಿತ್ಸೆಯಿಂದಲೂ ಕೆಲವರಿಗೆ ಗುಣ ಕಾಣುವುದುಂಟು.

ಆದಕಾರಣ ಹೊಲ ಮಾರಿ ಯಂತ್ರದ ಮುಂದೆ ಮಗನನ್ನು ಕೂರಿಸಲು ಹೊರಟ ತಂದೆಗೆ ನಾವು ಹೇಳುವುದಿಷ್ಟು: ಖಂಡಿತ ಗುಣವೆಂದು ವಾಗ್ದಾನ ಮಾಡುವವರನ್ನು ನಂಬಬೇಡಿ. ಚಟ ಬಿಟ್ಟ ದಿನಗಳಿಗೆ ಸಣ್ಣ ಬಹುಮಾನ ಕೊಟ್ಟು ಹುರಿದುಂಬಿಸುವ ಕ್ರಮ, ಆಪ್ತಸಮಾಲೋಚನೆ, ಮನೆಯವರ ತಾಳ್ಮೆ, ಇವುಗಳಿಗೆ ಪುರಾವೆ ಹೆಚ್ಚು. ಯಂತ್ರವು ಇವುಗಳ ಜೊತೆಗಾರನಾಗಬಹುದೇ ಹೊರತು ಬದಲಿಯಾಗಲಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವುಂಟು. ೧೪೪೪೬ಕ್ಕೆ ಅಥವಾ ೧೪೪೧೬ಕ್ಕೆ ಕರೆ ಮಾಡಿದರೆ ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. ಪೊಲೀಸರ ಭಯದಿಂದ ಮುಚ್ಚಿಡುವುದೂ ಬೇಡ: ಸೇವನೆಯ ಅಥವಾ ಅಲ್ಪಪ್ರಮಾಣದ ಆಪಾದನೆಗೆ ಗುರಿಯಾದ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನು ಪೂರೈಸಿದರೆ, ೧೯೮೫ರ ಮಾದಕದ್ರವ್ಯ ಕಾಯಿದೆಯ ೬೪-ಎ ಪ್ರಕರಣವು ರಕ್ಷಣೆ ನೀಡುತ್ತದೆ.

ಸರ್ಕಾರದವರಿಗೂ ನಮ್ಮ ಬಿನ್ನಹವೊಂದುಂಟು. ರಾಜಧಾನಿಯಲ್ಲಿ ಚಿಕಿತ್ಸೆ ಪಡೆದು ಗೌರಿಬಿದನೂರಿಗೋ ಚಿಂತಾಮಣಿಗೋ ಮರಳಿದವನನ್ನು ವಾರವಾರವೂ ವಿಚಾರಿಸುವವರು ತಾಲ್ಲೂಕು ಆಸ್ಪತ್ರೆಯಲ್ಲಿರಬೇಕು. ಚಟವು ಮರಳುವುದು ಊರಿಗೆ ಹೋದ ಮೇಲೆ. ಕಾವಲೂ ಅಲ್ಲಿಯೇ ಬೇಕು.