ಜಳಕದ ನೀರಿಗೂ ಫಿಟ್ಸ್‌ಗೂ ಏನು ನಂಟು?

ಪ್ರಶ್ನೆ: ತಲೆಗೆ ಬಿಸಿನೀರು ಎರೆದುಕೊಂಡಾಗ ಮಾತ್ರ ಕೆಲವರಿಗೆ ಫಿಟ್ಸ್ ಬರುವುದೇಕೆ?
— ಓದುಗರು, ತಿಕೋಟಾ

ಉತ್ತರ: ಇದಕ್ಕೆ ‘ಬಿಸಿನೀರಿನ ಅಪಸ್ಮಾರ’ ಎನ್ನುತ್ತಾರೆ. ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು; ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ಅಧ್ಯಯನ ಮಾಡುತ್ತಿದೆ.

40–50 ಡಿಗ್ರಿ ಸೆಲ್ಸಿಯಸ್ ಕಾವಿನ ನೀರನ್ನು ಹಂಡೆಯಿಂದ ತೋಡಿ ತಂಬಿಗೆ ಮೇಲೆ ತಂಬಿಗೆ ನೆತ್ತಿಗೆ ಸುರಿದಾಗ ಕೆಲವರ ಮಿದುಳು ಕೆರಳುತ್ತದೆ. ನೋಟ ನೆಟ್ಟು ನಿಲ್ಲುತ್ತದೆ, ಮಾತು ತಡವರಿಸುತ್ತದೆ. ಕೆಲವರಂತೂ ಸಾಕೆಂದರೂ ಕೇಳದೆ ಸುರಿದುಕೊಳ್ಳುತ್ತಲೇ ಇರುತ್ತಾರೆ. ಮನೆತನದಲ್ಲಿ ಹರಿದುಬರುವುದೂ ಉಂಟು. 2017ರಲ್ಲಿ ಬೆಂಗಳೂರಿನ ಸಂಶೋಧಕರು ಕೆಲವು ರೋಗಿಗಳ ಎಸ್‌ಎಲ್‌ಸಿ1ಎ1 ಜೀನಿನಲ್ಲಿ ಅಪರೂಪದ ಮಾರ್ಪಾಡುಗಳನ್ನು ಗುರುತಿಸಿದರು.

ಬಹಳಷ್ಟು ರೋಗಿಗಳ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಸರಿಯಾಗಿಯೇ ಇರುತ್ತದೆ. ಹಾಗಾಗಿ ಬಚ್ಚಲಲ್ಲಿ ಕಂಡದ್ದನ್ನು ಮನೆಯವರು ವಿವರವಾಗಿ ಹೇಳಬೇಕು.

ನೀರಿನ ಕಾವು ಇಳಿಸುವುದೇ ಮೊದಲ ಮದ್ದು. ಅದು ಸಾಲದಿದ್ದರೆ ಎರೆದುಕೊಳ್ಳುವ ಒಂದೂವರೆ–ಎರಡು ತಾಸು ಮುಂಚೆ, ವೈದ್ಯರು ಬರೆದುಕೊಟ್ಟಂತೆ, ಕ್ಲೋಬಜಾಮ್ ಮಾತ್ರೆ. ತಿಕೋಟಾ, ಬಬಲೇಶ್ವರದವರು ಮೊದಲು ವಿಜಯಪುರದ ಜಿಲ್ಲಾಸ್ಪತ್ರೆಯಲ್ಲಿ ತೋರಿಸಬಹುದು.